ಶೇ. 40ರ ಜಾಡು ಹಿಡಿದು

2007ರ ಜನವರಿ. ಬರಲಿರುವ ನಾಲ್ಕು ಕೋರ್‌ಗಳ ‘ಬಾರ್ಸಿಲೋನಾ’ ಚಿಪ್ ಬಗೆಬಗೆಯ ಕೆಲಸಗಳಲ್ಲಿ ಇಂಟೆಲ್‌ನ ‘ಕ್ಲೋವರ್‌ಟೌನ್’ಗಿಂತ ಶೇ. 40ರಷ್ಟು ಮುಂದಿರುವ ನಿರೀಕ್ಷೆಯಿದೆ ಎಂದರು ಎಎಂಡಿಯ ಅಧಿಕಾರಿ ರ‍್ಯಾಂಡಿ ಅಲೆನ್. ಚಿಪ್ ಬರುವ ಮೊದಲೇ ಈ ಅಂಕಿಯ ಮೇಲೆ ವಾದ ಕಾವೇರಿತು. ಅದರ ಗತಿ ಏನಾಯಿತೆಂದು ತಿಳಿಯಲು ಹಳೆಯ ವರದಿಗಳನ್ನು ಕೆದಕಿದೆ.

ಬಿಡುಗಡೆಗೆ ಮೊದಲೇ ಸುದ್ದಿಯಾದ ಇನ್ನೊಂದು ಚಿಪ್‌ನೊಡನೆ ಹೋಲಿಸಲೆಂದು ಮೊದಲು ತೆರೆದದ್ದು 2006ರ ಮಾರ್ಚ್‌ನ ವರದಿಗಳನ್ನು. ಇನ್ನೂ ಮಾರುಕಟ್ಟೆ ಕಾಣದ 2.66 ಗಿಗಾಹರ್ಟ್ಸ್‌ನ ‘ಕಾನ್ರೋ’ ಚಿಪ್ಪನ್ನು ಇಂಟೆಲ್, 2.8 ಗಿಗಾಹರ್ಟ್ಸ್‌ಗೆ ಏರಿಸಿದ ಎಎಂಡಿಯ ಎಫ್‌ಎಕ್ಸ್-60ರ ಪಕ್ಕದಲ್ಲಿಟ್ಟು ಪತ್ರಕರ್ತರ ಕೈಗೆ ಕೊಟ್ಟಿತ್ತು. ಎರಡೂ ಯಂತ್ರಗಳನ್ನು ಜೋಡಿಸಿದ್ದು ಇಂಟೆಲ್ಲೇ. ಎಎಂಡಿ ಯಂತ್ರದ ಬಯೋಸ್ ಹಳೆಯದೆಂಬ ಆಕ್ಷೇಪ ಎದ್ದಿತು; ನ್ಯಾಯವಾದ ಆಕ್ಷೇಪ. ಬಯೋಸ್ ಬದಲಿಸಿ ಓಡಿಸಿದಾಗಲೂ ಕಾನ್ರೋ ಮುಂದಿತ್ತು. ಜುಲೈನಲ್ಲಿ ಅಂಗಡಿಗೆ ಬಂದ ಮೇಲೂ ಅಷ್ಟೆ.

ಬಾರ್ಸಿಲೋನಾದ ವಿಷಯದಲ್ಲಿ ಹಾಗೆ ತಕರಾರು ತೆಗೆಯಲು ಹೊರಗಿನವರ ಕೈಗೆ ಯಂತ್ರವೇ ಸಿಕ್ಕಿರಲಿಲ್ಲ. ಅಲೆನ್ ಅವರ ಆ ಮಾತನ್ನು ಮತ್ತೆ ಮತ್ತೆ ಓದಿದೆ. ಎಷ್ಟು ಗಿಗಾಹರ್ಟ್ಸ್‌ನ ಚಿಪ್ ಎಂಬುದೇ ಅದರಲ್ಲಿಲ್ಲ. ನನ್ನ ಮಟ್ಟಿಗೆ ಇಡೀ ವಾದದ ಗಂಟು ಇಲ್ಲೇ ಇದೆ. ವೇಗ ಗೊತ್ತಿಲ್ಲದ ಚಿಪ್‌ಗೆ ಹೇಳಿದ ಪ್ರತಿಶತವನ್ನು ಒಪ್ಪುವುದೂ ಆಗದು, ಅಲ್ಲಗಳೆಯುವುದೂ ಆಗದು. ಕಂಪ್ಯೂಟರ್‌ಗಳ ವೇಗ ಅಳೆಯುವ ಪರೀಕ್ಷೆಗಳನ್ನು ರೂಪಿಸುವ ಸ್ಪೆಕ್ ಸಂಸ್ಥೆಯ ಫಲಿತಾಂಶ ಪುಟಗಳನ್ನು ನಾನು ನಂಬುವುದು ಇದಕ್ಕೇ: ಗಡಿಯಾರದ ವೇಗ, ಕಂಪೈಲರ್, ಯಂತ್ರ ಕೊಳ್ಳಲು ಸಿಗುವ ತಿಂಗಳು ಎಲ್ಲವನ್ನೂ ಅಲ್ಲಿ ಬರೆಯಲೇಬೇಕು. ಅಂದಾಜಾದರೆ ಅಂದಾಜೆಂದೇ ಹೇಳಬೇಕು.

ಸೆಪ್ಟೆಂಬರ್ 10ರಂದು ಬಾರ್ಸಿಲೋನಾ ಬಂತು, ಗರಿಷ್ಠ 2 ಗಿಗಾಹರ್ಟ್ಸ್‌ನಲ್ಲಿ. ಅಷ್ಟರಲ್ಲಿ ಕ್ಲೋವರ್‌ಟೌನ್ 3 ಗಿಗಾಹರ್ಟ್ಸ್ ಮುಟ್ಟಿತ್ತು. ಆದರೂ ಮೆಮೊರಿಯನ್ನು ಬಹಳವಾಗಿ ಬಳಸುವ ದಶಮಾಂಶ ಲೆಕ್ಕಗಳಲ್ಲಿ ಎಎಂಡಿಯ ಚಿಪ್ ಚೆನ್ನಾಗಿ ಓಡಿತೆಂಬುದನ್ನು ಮುಚ್ಚಿಡಬಾರದು. ಅದರ ಮೆಮೊರಿ ಕಂಟ್ರೋಲರ್ ಚಿಪ್‌ನೊಳಗೇ ಇತ್ತು. ಇಂಟೆಲ್‌ನ ನಾಲ್ಕು ಕೋರ್‌ಗಳು ಒಂದೇ ಬಸ್ ಹಂಚಿಕೊಳ್ಳಬೇಕಿತ್ತು. ಉಳಿದ ಹಲವು ಕೆಲಸಗಳಲ್ಲಿ ಆ ಲಾಭ ಸಿಗಲಿಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಬಾರ್ಸಿಲೋನಾದ ಟಿಎಲ್‌ಬಿಯ (ಮೆಮೊರಿ ವಿಳಾಸಗಳ ಪರಿವರ್ತನೆಯನ್ನು ನೆನಪಿಡುವ ಭಾಗ) ದೋಷ ಬಯಲಾಗಿ ಪೂರೈಕೆ ಕುಂಟಿತು. ಬಯೋಸ್ ಮೂಲಕ ಕೊಟ್ಟ ಪರಿಹಾರ ವೇಗವನ್ನೇ ತಿಂದಿತು. ಸರಿಪಡಿಸಿದ ಬಿ3 ಚಿಪ್‌ಗಳು ಹೊರಬಂದದ್ದು 2008ರಲ್ಲಿ. ಸೋಲಿಸಬೇಕಿದ್ದ ಕ್ಲೋವರ್‌ಟೌನ್‌ನ ಜಾಗಕ್ಕೆ ಇಂಟೆಲ್ 2007ರ ನವೆಂಬರ್‌ನಲ್ಲೇ 45 ನ್ಯಾನೊಮೀಟರ್‌ನ ‘ಹಾರ್ಪರ್‌ಟೌನ್’ ತಂದಾಗಿತ್ತು.