ದೋಣಿಯ ಜೀರ್ಣೋದ್ಧಾರ

ನಮ್ಮ ನಾಡಿನ ಶಿಲಾಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಪದೇ ಪದೇ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು ಅರಸರೂ ಸೆಟ್ಟಿಗಳೂ ದೇಗುಲಗಳಿಗೆ ಗದ್ದೆ ತೋಟಗಳನ್ನು ಬಿಟ್ಟುಕೊಡುತ್ತಿದ್ದರು. ಕಟ್ಟಿಸುವವನಷ್ಟೇ ಕಾಪಾಡುವವನಿಗೂ ಪುಣ್ಯವುಂಟೆಂಬ ಬುದ್ಧಿಯು ಇದರಲ್ಲಿ ಅಡಗಿದೆ. ಕಡಲ ಕರೆಯ ದೋಣಿಗೆ ಇಂತಹ ಶಾಸನವನ್ನು ಯಾರೂ ಬರೆಸಲಿಲ್ಲ. ಆದರೂ ದೋಣಿಯ ಜೀರ್ಣೋದ್ಧಾರಕ್ಕೆ ಬೇಕಾದ ದತ್ತಿಯೊಂದು ಮೀನುಗಾರರ ರೂಢಿಯಲ್ಲಿಯೇ ಇದ್ದಿತು. ಹಿಡಿದ ಮೀನಿನ ಹಣವನ್ನು ಹಂಚುವಾಗ ಆಳಿಗೆ ಒಂದು ಪಾಲಾದರೆ, ದೋಣಿಗೂ ಬಲೆಗೂ ಬೇರೆ ಪಾಲು. ದೋಣಿಯೂ ದುಡಿಯುವ ಒಬ್ಬ ಆಳು. ಅದಕ್ಕೂ ಹಸಿವುಂಟು, ಮುಪ್ಪುಂಟು ಎಂಬುದು ಈ ಹಂಚಿಕೆಯ ಅರ್ಥ. ಆ ಪಾಲಿನಲ್ಲಿ ಎಷ್ಟನ್ನು ದುರಸ್ತಿಗೆ ಉಳಿಸಿದನೆಂಬುದರ ಮೇಲೆ ಒಡೆಯನು ಒಡೆಯನಾಗಿಯೇ ಉಳಿಯುವನೋ, ಸಾಲಗಾರನಾಗುವನೋ ಎಂಬುದು ನಿರ್ಣಯವಾಗುತ್ತಿದ್ದಿತು.

ದಕ್ಷಿಣ ಭಾರತದ ದೋಣಿಗಳ ಚರಿತ್ರೆಯು ಬಹು ಪುರಾತನವಾದುದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯು ಪೂರ್ವ ಕರಾವಳಿಯಲ್ಲಿ ಮರದ ದಿಮ್ಮಿಗಳನ್ನು ಜೋಡಿಸಿ ಮಾಡಿದ ‘ಸಂಗರ’ಗಳೆಂಬ ದೊಡ್ಡ ನಾವೆಗಳನ್ನು ಹೇಳುತ್ತದೆ. ಸಂಸ್ಕೃತದ ‘ಸಂಘಾಟ’, ತುಳುವಿನ ‘ಜಂಗಾಲ’ ಇವುಗಳೊಡನೆ ಈ ಶಬ್ದಕ್ಕೆ ಸಂಬಂಧವನ್ನು ಕಲ್ಪಿಸಿದ ಪಂಡಿತರುಂಟು. ತಮಿಳರ ‘ಕಟ್ಟುಮರ’ವಾದರೋ ಹೆಸರೇ ಹೇಳುವಂತೆ ಕಟ್ಟಿದ ಮರ. ಅದರ ದುರಸ್ತಿಯು ಅತಿ ಸುಲಭ. ಕಟ್ಟನ್ನು ಬಿಚ್ಚುವುದು, ದಿಮ್ಮಿಗಳನ್ನು ಮರಳಿನ ಮೇಲೆ ಒಣಗಿಸುವುದು, ಕೆಟ್ಟುದನ್ನು ತೆಗೆದು ಬೇರೊಂದನ್ನು ಸೇರಿಸಿ ಮತ್ತೆ ಕಟ್ಟುವುದು.

ಹಲಗೆಯ ದೋಣಿಗಳಲ್ಲಿಯೂ ಈ ಬಿಚ್ಚಿ ಕಟ್ಟುವ ನೀತಿಯೇ ಬಹುಕಾಲ ನಡೆಯಿತು. ಅರಬ್ಬೀ ಸಮುದ್ರದ ನಾವೆಗಳ ಹಲಗೆಗಳನ್ನು ಮೊಳೆಯಿಂದ ಜಡಿಯದೆ, ಅಂಚಿನಲ್ಲಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವೆಂಬ ಸಂಸ್ಕೃತ ಗ್ರಂಥವು ನೌಕೆಗಳನ್ನು ಸಾಮಾನ್ಯ, ವಿಶೇಷವೆಂದು ವಿಂಗಡಿಸಿ, ಸಮುದ್ರಕ್ಕೆ ಹೋಗುವ ನೌಕೆಯ ತಳದಲ್ಲಿ ಕಬ್ಬಿಣವನ್ನು ಬಳಸಬಾರದೆಂದು ವಿಧಿಸುತ್ತದೆ, ಕಡಲಿನೊಳಗಿನ ಅಯಸ್ಕಾಂತ ಶಿಲೆಗಳು ಅದನ್ನು ಸೆಳೆದುಕೊಳ್ಳುವುವೆಂದು ಕಾರಣವನ್ನೂ ಕೊಡುತ್ತದೆ. ಕಾರಣವು ಕಲ್ಪಿತ, ವಿಧಿಯು ಅನುಭವಸಿದ್ಧ. ಕಬ್ಬಿಣವು ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹೊಲಿದ ದೋಣಿಯು ದಡದ ಅಲೆಗಳಲ್ಲಿ ಬಿದ್ದೆದ್ದಾಗ ಸ್ವಲ್ಪ ಬಳುಕುತ್ತದೆ, ಬಳುಕುವುದರಿಂದಲೇ ಒಡೆಯುವುದಿಲ್ಲ. ಕಾಲಕಾಲಕ್ಕೆ ಹೊಲಿಗೆಯನ್ನು ಬಿಚ್ಚಿ, ಹಲಗೆಗಳನ್ನು ಒಣಗಿಸಿ, ಮೀನೆಣ್ಣೆಯನ್ನು ಸವರಿ, ಹೊಸ ಹುರಿಯಿಂದ ಮರಳಿ ಹೊಲಿದರೆ ದೋಣಿಯು ಹೊಸದಾಯಿತು. ಇದಕ್ಕೆ ಬೇಕಾದುದೆಲ್ಲವೂ ಊರಿನಲ್ಲಿಯೇ ದೊರೆಯುತ್ತಿದ್ದಿತು. ತೆಂಗು ಹಿತ್ತಿಲಿನಲ್ಲಿ, ಎಣ್ಣೆಯು ಬೂತಾಯಿ ಮೀನಿನಲ್ಲಿ, ವಿದ್ಯೆಯು ಆಚಾರಿಯ ಕೈಯಲ್ಲಿ.

ಸ್ವಾತಂತ್ರ್ಯಾನಂತರ ಈ ಸ್ಥಿತಿಯು ಬದಲಾಯಿಸತೊಡಗಿತು. 1952ರಲ್ಲಿ ಭಾರತ ಮತ್ತು ನಾರ್ವೆ ದೇಶಗಳಿಗೂ ವಿಶ್ವಸಂಸ್ಥೆಗೂ ಆದ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರ, ಶಕ್ತಿಕುಳಂಗರಗಳಲ್ಲಿ ಯಂತ್ರದೋಣಿಗಳ ಪ್ರಯೋಗವು ಮೊದಲಾಯಿತು. ಮುಂದೆ ಅದರ ಕೆಲಸವು ನಮ್ಮ ಕಾರವಾರಕ್ಕೂ ಹಬ್ಬಿತು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಆ ಕಾಲದ ಯಂತ್ರದೋಣಿಗಳೂ ಮರದವುಗಳೇ. ಆದರೆ ದೊಡ್ಡ ಮರವು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತ ಬಂದಿತು. ಸಾಗುವಾನಿ, ಹೆಬ್ಬಲಸು, ಮಾವುಗಳ ಬೆಲೆಯು ಬಡವನ ಕೈಗೆ ಎಟುಕದಂತಾಯಿತು. ಅಳಿವೆಯ ನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಹುಳುವಿನ ಬಾಧೆಯೂ ತಪ್ಪಲಿಲ್ಲ. ಮರಕ್ಕೆ ಬದಲಾದ ವಸ್ತುವೊಂದು ಬೇಕಾಗಿದ್ದಿತು.

ಆ ವಸ್ತುವು ಹುಟ್ಟಿದುದು ಅಮೆರಿಕದಲ್ಲಿ. 1930ರ ದಶಕದಲ್ಲಿ ಒಹಾಯೋ ಪ್ರಾಂತದ ಗಾಜಿನ ಕಾರ್ಖಾನೆಯೊಂದರಲ್ಲಿ, ಕರಗಿದ ಗಾಜಿನ ಮೇಲೆ ಗಾಳಿಯ ರಭಸವು ಬಿದ್ದು ಅದು ನವುರಾದ ಎಳೆಗಳಾಗಿ ಹರಡಿದುದನ್ನು ಕಂಡರು. 1938ರಲ್ಲಿ ಈ ಎಳೆಗಳನ್ನು ತಯಾರಿಸುವುದಕ್ಕಾಗಿಯೇ ಓವೆನ್ಸ್-ಕಾರ್ನಿಂಗ್ ಎಂಬ ಕಂಪನಿಯು ಸ್ಥಾಪಿತವಾಯಿತು. ಗಾಜಿನ ಎಳೆಯ ಚಾಪೆಯನ್ನು ಪಾಲಿಯೆಸ್ಟರ್ ಎಂಬ ಕೃತಕ ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರವನ್ನಿಟ್ಟು ಗಟ್ಟಿಗೊಳಿಸಿದರೆ ಹಗುರವೂ ದೃಢವೂ ಆದ ಒಡಲು ದೊರೆಯುತ್ತದೆಂದು ತಿಳಿದುಬಂದಿತು. ಎರಡನೆಯ ಮಹಾಯುದ್ಧದ ಬಳಿಕ ಇಂತಹ ದೋಣಿಗಳು ಪಾಶ್ಚಾತ್ಯ ದೇಶಗಳಲ್ಲಿ ತ್ವರಿತವಾಗಿ ಹರಡಿದುವು. ನಮ್ಮಲ್ಲಿ ಮೊದಲು ಮರದ ದೋಣಿಯ ಮೇಲ್ಹೊದಿಕೆಯಾಗಿ ಇದನ್ನು ಪರೀಕ್ಷಿಸಿದರು. 1979ರಲ್ಲಿ ಮದರಾಸಿನಲ್ಲಿ ಆರಂಭವಾದ ಬಂಗಾಳ ಕೊಲ್ಲಿ ಕಾರ್ಯಕ್ರಮದವರು ಅಲೆಯೊಡೆಯುವ ದಡದಲ್ಲಿಯೇ ಇಳಿಸಿ ಏರಿಸಬಹುದಾದ ಗಾಜುನಾರಿನ ದೋಣಿಗಳನ್ನು ರೂಪಿಸಿದರು.

ಪಶ್ಚಿಮ ಕರಾವಳಿಯಲ್ಲಿ ಈ ಬದಲಾವಣೆಗೆ ಇನ್ನೊಂದು ಕಾರಣವೂ ಕೂಡಿತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದು, ಊರಿಗೆ ಊರೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯು ಮೂಲೆಗುಂಪಾಯಿತು. ಬಂಗುಡೆ ಬೂತಾಯಿಗಳು ದಡಕ್ಕೆ ಬರುವ ಮೊದಲೇ ಬಲೆಗೆ ಸಿಕ್ಕುತ್ತಿದ್ದುವು. ದಡದಲ್ಲಿ ನಿಂತವನು ತಾನೂ ಕಡಲಿಗೆ ಹೋಗಬೇಕಾಯಿತು. 1980ರ ದಶಕದಿಂದೀಚೆಗೆ ಸಣ್ಣ ಮೀನುಗಾರರು ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಯಂತ್ರವನ್ನು ಆಶ್ರಯಿಸಿದರು. ಆ ಯಂತ್ರಕ್ಕೆ ಹಗುರವಾದ ಒಡಲು ಅನುಕೂಲ. ಹೀಗೆ ನಾಡದೋಣಿಯು ಮರವನ್ನು ಬಿಟ್ಟು ‘ಫೈಬರ್ ದೋಣಿ’ಯಾಯಿತು.

ಹೊಸ ದೋಣಿಯೊಡನೆ ಒಂದು ಭ್ರಾಂತಿಯೂ ಬಂದಿತು. ಅದಕ್ಕೆ ಹುಳು ಹಿಡಿಯದು, ತುಕ್ಕು ಹಿಡಿಯದು. ಆದುದರಿಂದ ಅದಕ್ಕೆ ನಾಶವೇ ಇಲ್ಲವೆಂದು ಜನರು ತಿಳಿದರು. ವಾಸ್ತವವಾಗಿ ಅದರ ವ್ಯಾಧಿಗಳು ಒಳಗಿನವು. ಹೊರಮೈಯ ಮಿರುಗುವ ಲೇಪವು ಅರ್ಧ ಮಿಲಿಮೀಟರಿನಷ್ಟು ಮಾತ್ರ ದಪ್ಪ. ಮರಳಿನ ಮೇಲೆ ಎಳೆದಾಗ ಅದು ಸವೆದು, ನೀರು ಎಳೆಗಳ ನಡುವೆ ಸೇರುತ್ತದೆ, ಕೆಲವೆಡೆ ಗುಳ್ಳೆಗಳೇಳುತ್ತವೆ. ಯಂತ್ರವನ್ನು ಹೊರುವ ಹಿಂಬದಿಯ ಹಲಗೆಯೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುವುದು. ಮೊಳೆಯ ತೂತಿನಿಂದ ನೀರಿಳಿದರೆ ಹೊರಗೆ ಗಾಜು ಗಟ್ಟಿಯಾಗಿದ್ದರೂ ಒಳಗೆ ಮರವು ಕೊಳೆತು ಹಿಟ್ಟಾಗುತ್ತದೆ. ಮರದ ದೋಣಿಯು ತನ್ನ ರೋಗವನ್ನು ತೋರಿಸಿಕೊಳ್ಳುತ್ತದೆ. ಗಾಜಿನ ದೋಣಿಯು ಮುಚ್ಚಿಡುತ್ತದೆ.

ಅಲ್ಪಧನನಾದವನು ಇಂತಹ ಹಳೆಯ ದೋಣಿಯನ್ನು ಉದ್ಧರಿಸಬೇಕಾದರೆ ಮೊದಲ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಅದು ಪರೀಕ್ಷೆ. ಸಣ್ಣ ಸುತ್ತಿಗೆಯ ಹಿಡಿಯಿಂದ ಮೈಯೆಲ್ಲವನ್ನೂ ತಟ್ಟಿ ಕೇಳಬೇಕು. ಗಟ್ಟಿಯಾದೆಡೆಯಲ್ಲಿ ಖಣಿಲೆಂಬ ನಾದ. ಪದರ ಬಿಟ್ಟಲ್ಲಿ, ಮರ ಕೊಳೆತಲ್ಲಿ ಮಂಕಾದ ಸದ್ದು. ಮಂಕಾದ ಎಡೆಗಳನ್ನು ಸೀಮೆಸುಣ್ಣದಿಂದ ಗುರುತಿಸಿದರೆ ಖರ್ಚಿನ ಅಂದಾಜು ತಾನಾಗಿಯೇ ಕಾಣುತ್ತದೆ. ಎರಡನೆಯದು ಒಣಗಿಸುವುದು. ಒದ್ದೆಯ ಮೇಲೆ ರಾಳವು ಹಿಡಿಯದು. ಆದುದರಿಂದ ಚಳಿಗಾಲವು ಕಳೆದು ಮುಂಗಾರು ಬರುವ ಮೊದಲಿನ ಬಿಸಿಲಿನಲ್ಲಿಯೇ ದೋಣಿಯನ್ನು ಬೋರಲು ಹಾಕಬೇಕು. ಮೂರನೆಯದು ಕೆಟ್ಟುದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ, ಸುತ್ತಲಂಚನ್ನು ಇಳಿಜಾರಾಗಿ ಉಜ್ಜುವುದು. ದಪ್ಪಕ್ಕೆ ಹನ್ನೆರಡರಷ್ಟು ಅಗಲವು ಇಳಿಜಾರಿಗೆ ಇರಬೇಕೆಂಬುದು ರೂಢಿಯ ಲೆಕ್ಕ. 6 ಮಿಲಿಮೀಟರ್ ದಪ್ಪದ ಒಡಲಿಗೆ ಸುಮಾರು 7 ಸೆಂಟಿಮೀಟರ್. ಆಮೇಲೆ ಚಾಪೆ ಮತ್ತು ರಾಳ. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪೆಯ ಒಂದು ಪದರವು ಸುಮಾರು ಒಂದು ಕಿಲೋಗ್ರಾಂ ರಾಳವನ್ನು ಕುಡಿಯುತ್ತದೆ. ಗಟ್ಟಿಗೊಳಿಸುವ ದ್ರವವು ನೂರಕ್ಕೆ ಒಂದೆರಡು ಭಾಗ ಸಾಕು. ಬಿಸಿಲಿನಲ್ಲಿ ಇನ್ನೂ ಕಡಮೆ. ಆ ದ್ರವವನ್ನು ವೇಗವರ್ಧಕವಾದ ಕೋಬಾಲ್ಟ್ ದ್ರವದೊಡನೆ ನೇರವಾಗಿ ಬೆರೆಸಿದರೆ ಸಿಡಿಯುವ ಭಯವುಂಟು. ಉಜ್ಜುವಾಗ ಏಳುವ ಗಾಜಿನ ಧೂಳೂ ರಾಳದ ಆವಿಯೂ ಶ್ವಾಸಕೋಶಕ್ಕೆ ವಿಷ. ಮೂಗು ಬಾಯಿ ಕಣ್ಣುಗಳನ್ನು ಮುಚ್ಚಿಕೊಳ್ಳುವ ಖರ್ಚನ್ನು ಉಳಿಸುವುದು ಮಿತವ್ಯಯವಲ್ಲ.

ಮಿತವ್ಯಯವೆಂದರೆ ಕ್ರಮ. ಹಿಂಬದಿಯ ಹಲಗೆ, ತಳದ ಬೆನ್ನೆಲುಬು, ಒಳಗಿನ ಪಕ್ಕೆಲುಬುಗಳು ಇವು ಮೊದಲು, ಅಂಚು, ಹಲಗೆಮಣೆಗಳು ಆಮೇಲೆ, ಬಣ್ಣವು ಕಟ್ಟಕಡೆಗೆ. ಬಹು ಮಂದಿ ಇದನ್ನು ತಲೆಕೆಳಗು ಮಾಡುವರು. ಬಣ್ಣವು ಅಗ್ಗ, ಎಲ್ಲರ ಕಣ್ಣಿಗೂ ಕಾಣುತ್ತದೆ. ಹಲಗೆಯೊಳಗಿನ ಕೊಳೆತವು ಕಾಣುವುದಿಲ್ಲ. ಆದರೆ ಮಳೆಗಾಲದ ಅಳಿವೆಬಾಯಿಯಲ್ಲಿ ಯಂತ್ರವು ಕಳಚಿ ನೀರಿಗೆ ಬಿದ್ದಾಗ ಬಣ್ಣವು ಕಾಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಂತ್ರದೋಣಿಗಳಿಗೆ ಮೀನುಗಾರಿಕೆಯು ನಿಷಿದ್ಧವಾಗಿರುವಾಗ ನಾಡದೋಣಿಗೆ ಕಡಲು ತೆರೆದಿರುತ್ತದೆ. ವರ್ಷದ ಅನ್ನವು ಆ ದಿನಗಳಲ್ಲಿದೆ. ವರ್ಷದ ಅಪಾಯವೂ ಆ ದಿನಗಳಲ್ಲಿಯೇ ಇದೆ. ದುರಸ್ತಿಯಲ್ಲಿ ಮಾಡಿದ ವಂಚನೆಗೆ ಅಲ್ಲಿ ಲೆಕ್ಕ ಕೊಡಬೇಕಾಗುತ್ತದೆ.

2004ನೆಯ ಇಸವಿ ಡಿಸೆಂಬರ್ 26ರ ಸುನಾಮಿಯ ಬಳಿಕ ಪೂರ್ವ ಕರಾವಳಿಯಲ್ಲಿ ನಡೆದುದು ಈ ಚರಿತ್ರೆಯ ದೊಡ್ಡ ಪಾಠ. ನಾಗಪಟ್ಟಣ ಮೊದಲಾದೆಡೆಗಳಲ್ಲಿ ಸಾವಿರಾರು ಜನರು ಪ್ರಾಣವನ್ನೂ, ಉಳಿದವರು ದೋಣಿಗಳನ್ನೂ ಕಳೆದುಕೊಂಡರು. ದೇಶವಿದೇಶಗಳ ದಾನಿಗಳು ಫೈಬರ್ ದೋಣಿಗಳನ್ನು ಹೇರಳವಾಗಿ ಕೊಟ್ಟರು. ಉದ್ದೇಶವು ಶ್ಲಾಘ್ಯವಾದುದು. ಆದರೆ ಅವಸರದಲ್ಲಿ ಕಟ್ಟಿದ ಹಲವು ದೋಣಿಗಳು ಕೀಳ್ಮಟ್ಟದವಾಗಿದ್ದುವು. ಕಟ್ಟುಮರವನ್ನು ತಾನೇ ಬಿಚ್ಚಿ ಕಟ್ಟಬಲ್ಲವನಿಗೆ ತಾನು ದುರಸ್ತಿಮಾಡಲಾರದ ದೋಣಿಯು ದೊರೆಯಿತು. ದಾನವು ದೋಣಿಯನ್ನು ಕೊಟ್ಟಿತು. ವಿದ್ಯೆಯು ಹಿಂದೆ ಉಳಿಯಿತು. ಕಟ್ಟುವ ಕ್ರಮವನ್ನೂ ದುರಸ್ತಿಯನ್ನೂ ಕಲಿಸುವ ಕೈಪಿಡಿಗಳೂ ತರಬೇತಿಗಳೂ ಆಮೇಲೆ ಬಂದುವು.

ಹಳೆಯ ಮರದ ದೋಣಿಯು ಕೆಟ್ಟಾಗ ಅದರ ಹಲಗೆಯು ಮನೆಯ ಅಟ್ಟಕ್ಕೋ ಒಲೆಗೋ ಆಗುತ್ತಿದ್ದಿತು. ಗಾಜಿನ ದೋಣಿಯನ್ನು ಸುಟ್ಟರೆ ವಿಷದ ಹೊಗೆ, ಹೂಳಿದರೆ ಮಣ್ಣಾಗದ ಗಾಜು. ಆದುದರಿಂದ ಮರದ ಕಾಲಕ್ಕಿಂತಲೂ ಈ ಕಾಲದಲ್ಲಿ ಜೀರ್ಣೋದ್ಧಾರದ ಧರ್ಮವು ಹೆಚ್ಚು ಅವಶ್ಯವಾಗಿದೆ. ಪ್ರತಿಯೊಂದು ದಡದಲ್ಲಿಯೂ ಹುರಿಯ ಹೊಲಿಗೆಯನ್ನು ಬಲ್ಲವನೊಬ್ಬನು ಹಿಂದೆ ಇದ್ದಂತೆ, ರಾಳವನ್ನೂ ಚಾಪೆಯನ್ನೂ ತೂಗಿ ಬೆರೆಸಬಲ್ಲವನೊಬ್ಬನು ಇಂದು ಇರಬೇಕು. ದೋಣಿಯ ಪಾಲನ್ನು ಹಿರಿಯರು ತೆಗೆದಿರಿಸಿದಂತೆ ಇಂದಿನವರೂ ತೆಗೆದಿರಿಸಬೇಕು. ಸುತ್ತಿಗೆಯಿಂದ ತಟ್ಟಿ ನೋಡಿ ಆ ಪಾಲನ್ನು ಸರಿಯಾದ ಎಡೆಯಲ್ಲಿ ವ್ಯಯಿಸಿದವನ ದೋಣಿಯು ಇನ್ನೂ ಹಲವು ಮಳೆಗಾಲಗಳನ್ನು ದಾಟುವುದು; ಅವನು ದಲ್ಲಾಳಿಯ ಬಾಗಿಲಿಗೆ ಹೋಗಬೇಕಾದುದಿಲ್ಲ.