ಕುಂದಗೋಳದ ನಾಡಿಗೇರ ವಾಡೆ: ಸ್ವರಗಳಿಗೆ ಆಶ್ರಯವಿತ್ತ ಮನೆ

ಹುಬ್ಬಳ್ಳಿಯಿಂದ ಆಗ್ನೇಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿರುವ ಕುಂದಗೋಳ, ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರ. ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆಭೂಮಿಯ ನಡುವಿನ ಈ ಪಟ್ಟಣ ಸ್ವಾತಂತ್ರ್ಯಪೂರ್ವದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿನ ನಾಡಿಗೇರ ಮನೆತನದ ವಾಡೆಯ ಹೆಸರನ್ನು ಬಿಟ್ಟು ಕಿರಾಣಾ ಘರಾಣೆಯ ಕರ್ನಾಟಕದ ಇತಿಹಾಸವನ್ನು ಬರೆಯುವುದು ಕಷ್ಟ.

ನಾಡಿಗ ಅಥವಾ ನಾಡಿಗೇರ ಎಂಬುದು ಮೂಲತಃ ಅಧಿಕಾರಸೂಚಕ ಪದ. ನಾಡಿನ ಕಂದಾಯದ ಲೆಕ್ಕಪತ್ರಗಳನ್ನು ವಂಶಪಾರಂಪರ್ಯವಾಗಿ ನೋಡಿಕೊಳ್ಳುತ್ತಿದ್ದವರಿಗೆ ಈ ಹೆಸರು. ದೇಸಾಯಿ, ದೇಶಪಾಂಡೆ, ನಾಡಿಗೇರ ಮುಂತಾದ ಮನೆತನಗಳ ವಿಶಾಲ ಮನೆಗಳನ್ನೇ ಉತ್ತರ ಕರ್ನಾಟಕದಲ್ಲಿ ವಾಡೆ ಎನ್ನುತ್ತಾರೆ. ಎತ್ತರದ ಹೆಬ್ಬಾಗಿಲು, ಒಳಗೆ ಅಂಗಳ, ಕಟ್ಟಿಗೆಯ ಕಂಬಗಳ ಮೇಲೆ ನಿಂತ ಪಡಸಾಲೆ, ಧಾನ್ಯ ತುಂಬಿಡಲು ಹಗೇವು, ದನಕರುಗಳಿಗೆ ಗ್ವಾದಲಿ, ಹಿಂದೆ ಬಾವಿ ಹಾಗೂ ಗಿಡಮರಗಳ ಹಿತ್ತಲು: ಇದು ಈ ಭಾಗದ ವಾಡೆಗಳ ಸಾಮಾನ್ಯ ಸ್ವರೂಪ. ಹೊರಗಿನವರನ್ನು ಬರಮಾಡಿಕೊಳ್ಳುವುದು, ಪಂಚಾಯಿತಿ ನಡೆಸುವುದು ಎಲ್ಲವೂ ಪಡಸಾಲೆಯಲ್ಲಿಯೇ. ನೂರಾರು ಜನ ಕೂಡಬಹುದಾದ ಅಂಥ ಜಾಗದಲ್ಲಿ ಗಾಯಕನಿಗೆ ಧ್ವನಿವರ್ಧಕದ ಅಗತ್ಯವೂ ಬೀಳುತ್ತಿರಲಿಲ್ಲ.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಮೈಸೂರು ಆಸ್ಥಾನಕ್ಕೆ ಹೋಗಿಬರುವ ದಾರಿಯಲ್ಲಿ ಈ ಭಾಗದಲ್ಲಿ ತಂಗುತ್ತಿದ್ದರು. ಆಗ ಅವರನ್ನು ಆದರಿಸಿದವರಲ್ಲಿ ಕುಂದಗೋಳದ ರಂಗನಗೌಡ ನಾಡಿಗೇರರು ಒಬ್ಬರು. ನಾಡಿಗೇರರಲ್ಲಿ ಗಣೇಶ ಸಂಶಿ ಎಂಬವರು ಕಾರಕೂನರಾಗಿದ್ದರು. ಅವರ ಮಗ ರಾಮಭಾವು ಒಮ್ಮೆ ವಾಡೆಯಲ್ಲಿ ಖಾನ್ ಸಾಹೇಬರದೇ ಚೀಜೊಂದನ್ನು ಗುನುಗುತ್ತಿದ್ದುದನ್ನು ಕೇಳಿ ಉಸ್ತಾದರು ಶಿಷ್ಯನನ್ನಾಗಿ ಸ್ವೀಕರಿಸಿದರೆಂಬುದು ಪ್ರತೀತಿ. ಆ ಬಾಲಕನೇ ಮುಂದೆ ಸವಾಯಿ ಗಂಧರ್ವ (1886–1952) ಎಂದು ಪ್ರಖ್ಯಾತನಾದ. ಕಾರಕೂನನ ಮಗನಿಗೆ ಅಂಥ ಗಾಯನ ಕಿವಿಗೆ ಬೀಳುವ ಅವಕಾಶ ಆ ಪಡಸಾಲೆಯಲ್ಲದೆ ಬೇರೆಲ್ಲಿ ಸಿಗುತ್ತಿತ್ತು?

ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದ ಬಳಿಕ ಸವಾಯಿ ಗಂಧರ್ವರು ಕುಂದಗೋಳಕ್ಕೆ ಮರಳಿದರು. 1936ರಲ್ಲಿ ಗದಗಿನ ಭೀಮಸೇನ ಜೋಶಿ ಅವರ ಗುರುಕುಲ ಸೇರಿದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹಿಂತಿರುಗುತ್ತಿದ್ದರು. ಪಾಠ ನಡೆಯುತ್ತಿದ್ದುದು ಗುರುಗಳ ಮನೆಯಲ್ಲಿ. ವಾಡೆ ಮೆಹಫಿಲಿನ ಜಾಗ.

1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ನಿಧನರಾದರು. ಅವರ ಸ್ಮರಣಾರ್ಥ ಪುಣೆಯಲ್ಲಿ 1953ರಲ್ಲಿ ಆರಂಭವಾದ ಉತ್ಸವ ಇಂದು ಸಹಸ್ರಾರು ಶ್ರೋತೃಗಳ ಬೃಹತ್ ಸಮಾರಂಭವಾಗಿ ಬೆಳೆದಿದೆ. ಗುರುಗಳ ಊರಿನಲ್ಲಿ ಪುಣ್ಯತಿಥಿಯ ಸಂಗೀತ ಸೇವೆ ವಾಡೆಯಲ್ಲಿಯೇ ನಡೆದುಬಂದಿತು. ನಾನಾಸಾಹೇಬ ನಾಡಿಗೇರರ ಆತಿಥ್ಯ, ಗಂಗೂಬಾಯಿಯವರ ಒತ್ತಾಸೆ ಇದಕ್ಕೆ ಬೆನ್ನೆಲುಬಾಗಿದ್ದವು. ಟಿಕೆಟ್ಟಿಲ್ಲ, ಕುರ್ಚಿಯ ಸಾಲುಗಳಿಲ್ಲ. ಹಾಸಿದ ಜಮಖಾನೆಯ ಮೇಲೆ ಊರ ರೈತನೂ ಹುಬ್ಬಳ್ಳಿಯ ವಕೀಲನೂ ಬೆಳಗಿನ ಭೈರವಿಯವರೆಗೆ ಒಟ್ಟಿಗೆ ಕೂಡುತ್ತಿದ್ದರು. ಪುಣೆಯ ವೈಭವಕ್ಕಿಂತ ಈ ಸರಳತೆಯೇ ಹೆಚ್ಚೆನ್ನುವ ರಸಿಕರು ಧಾರವಾಡದಲ್ಲಿ ಕಡಿಮೆಯಿಲ್ಲ.

ಆದರೆ ಇಂಥ ಮನೆಗಳನ್ನು ನಡೆಸಿದ್ದು ಭೂಮಿಯ ಉತ್ಪನ್ನ. ಇನಾಂ ರದ್ದತಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಗಳು ಉಳುವವನಿಗೆ ನ್ಯಾಯ ಒದಗಿಸಿದವು. ಅವುಗಳೊಂದಿಗೆ ವಾಡೆಗಳ ಆರ್ಥಿಕ ಆಧಾರವೂ ಕಳಚಿತು. ಮಣ್ಣಿನ ಮಾಳಿಗೆಗೆ ಪ್ರತಿ ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಬೀಳಬೇಕು. ಒಂದೆರಡು ವರ್ಷ ತಪ್ಪಿದರೆ ನೀರು ಜಂತಿಗೆ ಇಳಿದು ಕಟ್ಟಿಗೆ ಕೊಳೆಯುತ್ತದೆ. ಪಾಲು ಹಂಚಿಕೆಯಾದ ಬಳಿಕ ರಿಪೇರಿಯ ಖರ್ಚು ಯಾರದೆಂಬುದೇ ಇತ್ಯರ್ಥವಾಗದೆ, ಕಂಬ ತೊಲೆಗಳು ಮಾರಾಟವಾಗಿ ಎಷ್ಟೋ ವಾಡೆಗಳು ನೆಲಸಮವಾಗಿವೆ. ಕುಂದಗೋಳದ್ದೇ ಚಾಲುಕ್ಯ ಕಾಲದ ಶಂಭುಲಿಂಗ ದೇವಾಲಯಕ್ಕೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ವಾಡೆಯಂಥ ವಾಸದ ಮನೆಗೆ ಮನೆಯವರೇ ದಿಕ್ಕು. ನಾಡಿಗೇರ ವಾಡೆಯ ಮಟ್ಟಿಗೆ ವರ್ಷಕ್ಕೊಮ್ಮೆ ತಂಬೂರಿ ಶ್ರುತಿಗೊಳ್ಳಬೇಕೆಂಬ ಹಂಬಲವೇ ಬಾಗಿಲನ್ನು ತೆರೆದಿಟ್ಟಿದೆ ಎಂದರೆ ತಪ್ಪಾಗಲಾರದು.

ಹುಬ್ಬಳ್ಳಿ–ಹರಿಹರ ರೈಲುಮಾರ್ಗದಲ್ಲಿ ಕುಂದಗೋಳ ನಿಲ್ದಾಣವಿದೆ. ಹುಬ್ಬಳ್ಳಿಯಿಂದ ಬಸ್ಸುಗಳೂ ಲಭ್ಯ. ವಾಡೆ ಖಾಸಗಿ ಸ್ವತ್ತಾಗಿರುವುದರಿಂದ ಉತ್ಸವದ ದಿನಗಳ ಹೊರತು ನೋಡಬಯಸುವವರು ಮನೆಯವರ ಅನುಮತಿ ಪಡೆಯುವುದು ಉಚಿತ.