ಹಳೆಯ ಮಸೂರದ ಬೆಲೆ

ತಾತನ ಕಾಲದ ರೇಂಜ್‌ಫೈಂಡರ್ ಕ್ಯಾಮೆರಾ ನಿಮ್ಮ ಮನೆಯಲ್ಲಿದೆಯೇ? ಹಾಗಾದರೆ ಅದರ ಮಸೂರವನ್ನು ಉಜ್ಜುವ ಮೊದಲು ಅದರ ಚರಿತ್ರೆಯನ್ನು ತಿಳಿಯಿರಿ.

1932ರಲ್ಲಿ ಜರ್ಮನಿಯಲ್ಲಿ ಲೈಕಾ-2 ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳು ಹೊರಬಂದವು. ಮಸೂರವನ್ನು ತಿರುಗಿಸಿದಂತೆ ದೂರಮಾಪಕವೂ ಜೊತೆಗೇ ಚಲಿಸುವ ವ್ಯವಸ್ಥೆ ಅವುಗಳಲ್ಲಿತ್ತು. 1933ರಲ್ಲಿ ಲೈಕಾಗೆ ಸುಮ್ಮಾರ್ ಮಸೂರ ಬಂತು. ಅದೇ ವರ್ಷ ಯಶವಂತಪುರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಗೆ, ಬೆಳಕಿನ ಚದುರುವಿಕೆಯ ಅಧ್ಯಯನಕ್ಕಾಗಿ ನೊಬೆಲ್ ಪಡೆದಿದ್ದ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದರು.

ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಸುಮ್ಮಾರ್‌ನಲ್ಲಿ ಗಾಳಿಗೆ ತಾಗುವ ಮೈಗಳು 8. ಲೆಕ್ಕ ಹಾಕಿ ನೋಡಿ: ಕಾಲುಭಾಗಕ್ಕೂ ಹೆಚ್ಚು ಬೆಳಕು ಫಿಲ್ಮಿಗೆ ತಲುಪುವುದೇ ಇಲ್ಲ! ಕಾಂಟ್ಯಾಕ್ಸ್‌ನ ಸೊನ್ನಾರ್‌ನಲ್ಲಿ ಅಂಥ ಮೈಗಳು 6 ಮಾತ್ರ. ಆದ್ದರಿಂದ ನಷ್ಟವೂ ಕಡಿಮೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಗಾಜಿಗೆ ತೆಳುಲೇಪ ಕೊಟ್ಟು ಈ ನಷ್ಟವನ್ನು ತಗ್ಗಿಸಿದರು. ಆ ಲೇಪದ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು.

ಹಲ್ಲುಪುಡಿ ಹಾಕಿ ತಿಕ್ಕಿದರೆ ಇಷ್ಟು ತೆಳುವಾದ ಲೇಪ ಉಳಿದೀತೇ? ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿದರೆ ಬೇಗ ತೆಗೆಸಬೇಕು. ಬಿಟ್ಟರೆ ಅದು ಗಾಜನ್ನೇ ಕೊರೆಯುತ್ತದೆ. ಬಿಚ್ಚುವಾಗ ಒಳಗಿನ ಒಂದು ತೆಳು ಬಳೆ ಕಳೆದರೂ ದೂರಮಾಪಕ ತೋರಿಸುವುದು ಒಂದು, ಚಿತ್ರದಲ್ಲಿ ಮೂಡುವುದು ಇನ್ನೊಂದು.

ಕೊಳ್ಳುವವರು ಟಾರ್ಚ್ ಹಿಡಿದು ಗೀರು, ಮಬ್ಬು, ಬೂಷ್ಟುಗಳನ್ನು ಹುಡುಕುತ್ತಾರೆ. ಹೊರಗಿನ ಹೊಳಪಿಗಲ್ಲ, ಕೆಡದೆ ಉಳಿದ ಗಾಜಿಗೆ ಅವರು ಬೆಲೆ ಕಟ್ಟುತ್ತಾರೆ. ಆದ್ದರಿಂದ ಬಟ್ಟೆಯನ್ನು ಕೆಳಗಿಡಿ. ಬಲ್ಲವರ ಕೈಗೆ ಕೊಡಿ.